ಫ್ರಿಜ್ಜಿನ ಪ್ಲಾಸ್ಟಿಕ್ ಕವರು

ಮನೆ ಕೊಳ್ಳಲು ಸಾಲ ಕೇಳಿದವರ ಮನೆಗೆ ಹೋಗಿ, ಅವರು ಹೇಳಿದ್ದು ನಿಜವೇ ಎಂದು ನೋಡಿ ಬರುವುದು ನನ್ನ ಕೆಲಸ. ಸಾಲ ಕೈಗೆ ಬರುವ ತನಕ ಇನ್ನೊಂದು ಸಾಲ ಮಾಡಬಾರದು ಎಂಬುದು ನಿಯಮ. ಅದನ್ನು ಯಾರೂ ಪಾಲಿಸುವುದಿಲ್ಲ ಎಂಬುದು ನನ್ನ ನಂಬಿಕೆ.

ಅವತ್ತು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಂದಿಳಿದಾಗ ಸಾಲ ಕೇಳಿದ್ದ ಟೇಲರ್ ಇಸ್ಮಾಯಿಲ್ ಭಾಯಿ ಬೈಕು ತಂದು ಕಾಯುತ್ತಿದ್ದರು. ಸೀಟು ವಿಪರೀತ ಜಾರುತ್ತಿತ್ತು. ಅವರ ಹೆಗಲು ಹಿಡಿದು ಕೂತೆ.

ಮನೆಯೊಳಗೆ ಕಾಲಿಟ್ಟೊಡನೆ ಪ್ಲಾಸ್ಟಿಕ್ ಹೊದ್ದ ಫ್ರಿಜ್ಜು ಕಣ್ಣಿಗೆ ಬಿತ್ತು.

"ಇದು ಯಾವಾಗ ತಗೊಂಡ್ರಿ? ಕಂತಿನ ಮ್ಯಾಲ ಏನ್ರಿ?"

"ಐದ್ ವರ್ಷ ಆತ್ರಿ ಸಾಹೇಬ್ರ. ಕವರ್ ತೆಗದ್ರ ಹಳೇದಾಗ್ತದ ಅಂತ ಮನ್ಯಾಗ ಬಿಡಂಗಿಲ್ರಿ."

ನಂಬಲಿಲ್ಲ. ಬಿಲ್ಲು ಕೇಳಿದೆ. ಅವರ ಹೆಂಡತಿ ಮುಖ ಗಂಟಿಕ್ಕಿ ಟ್ರಂಕಿನ ತಳದಿಂದ ತೆಗೆದು ಕೊಟ್ಟರು. ಐದು ವರ್ಷವೇ. ಟಿವಿ, ಮಿಕ್ಸರಿನ ಬಿಲ್ಲೂ ಬಿಡಲಿಲ್ಲ. ಕೊನೆಗೆ 'ಹೊಸ ಸಾಲ ಇಲ್ಲ' ಎಂದು ಬರೆದುಕೊಂಡು, ಅದೇ ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ವಾಪಸಾದೆ.

ವಾರದ ಮೇಲೆ ಬ್ಯಾಂಕಿನ ಮ್ಯಾನೇಜರು ಕರೆದರು. ಇಸ್ಮಾಯಿಲ್ ಭಾಯಿ ಹೋದ ತಿಂಗಳಷ್ಟೇ ಸಾಲದ ಮೇಲೆ ಬೈಕು ಕೊಂಡದ್ದು ಕಂಪ್ಯೂಟರಿನಲ್ಲಿ ಕಂಡಿತ್ತು. ಮನೆ ಸಾಲ ಅಲ್ಲಿಗೇ ನಿಂತಿತು.

ಸಿಟ್ಟಿನಲ್ಲಿ ಫೋನು ಮಾಡಿದೆ. "ಯಾಕ ಮುಚ್ಚಿಟ್ರಿ?"

"ಎಲ್ಲಿ ಮುಚ್ಚಿಟ್ಟೇನ್ರಿ ಸಾಹೇಬ್ರ? ನೀವು ಫ್ರಿಜ್ಜಿಂದು ಕೇಳಿದ್ರಿ, ಹೇಳ್ದೆ. ಗಾಡಿ ಮ್ಯಾಲ ನಿಮ್ಮನ್ನ ಕುಂಡ್ರಿಸ್ಕೊಂಡೇ ತಿರಗಾಡ್ಸೇನಲ್ರಿ! ಸೀಟಿನ ಪ್ಲಾಸ್ಟಿಕ್ ಸೈತ ತೆಗದಿದ್ದಿಲ್ಲ."

ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಿದ್ದೆ ಎಂದು ಮ್ಯಾನೇಜರಿಗೆ ಹೇಳಿದ್ದೇನೆ. ಪುಣ್ಯಕ್ಕೆ, ಅವರು ಕೇಳಿದ್ದನ್ನೆಲ್ಲ ನಂಬುವ ಮನುಷ್ಯ.