ಕೌಂಟರ್ ಮಾಮನ ತೆಂಗಿನ ಪಾನಕ

ಕಳೆದ ಭಾನುವಾರ ಬೆಳಗ್ಗೆ ಗುಬ್ಬಿ ಬಸ್ ನಿಲ್ದಾಣದಲ್ಲಿ ಇಳಿದಾಗ ಸೋಡಾ ಗಾಡಿಯವನು ನಿಂಬೆಹಣ್ಣು ಹಿಂಡಿ ಸಿಪ್ಪೆಯನ್ನು ಬಕೆಟ್ಟಿಗೆ ಎಸೆದ. ಆ ವಾಸನೆಗೆ ಕಾಲು ನಿಂತುಬಿಟ್ಟಿತು. ರಸದ ವಾಸನೆಯಲ್ಲ, ಸಿಪ್ಪೆಯದು. ರಸ ನಾಲಗೆಗೆ, ಸಿಪ್ಪೆ ಮೂಗಿಗೆ ಎಂದು ನನಗೆ ಕಲಿಸಿದವರು ನಮ್ಮ ಬೀದಿಯ ಮಾಮ. ಅವರು ತೀರಿಕೊಂಡು ಅವತ್ತಿಗೆ ಒಂದು ವರ್ಷ. ನಾನು ತುಮಕೂರಿನಿಂದ ಹೊರಟದ್ದೇ ಅವರ ಮನೆಗೆ...

ಮದುವೆಮನೆಗಳಲ್ಲಿ ಊಟಕ್ಕೆ ಮುಂಚೆ ಬಣ್ಣಬಣ್ಣದ ಪಾನೀಯ ಕೊಡುವ ಮೇಜು ಇರುತ್ತದಲ್ಲ, ಮಾಮನದು ಆ ಕೆಲಸ. ಗುಬ್ಬಿ, ತುಮಕೂರು, ಕುಣಿಗಲ್ ಕಡೆ ಅವರನ್ನು ಕೌಂಟರ್ ಮಾಮ ಎಂದೇ ಎಲ್ಲರೂ ಕರೆಯುತ್ತಿದ್ದರು. ನಾನಾಗ ವಸಂತನರಸಾಪುರದ ಒಂದು ಫ್ಯಾಕ್ಟರಿಯ ಸ್ಟೋರಿನಲ್ಲಿ ಸಾಮಾನು ಎಣಿಸುವ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. ಭಾನುವಾರಗಳಲ್ಲಿ ಸುಮ್ಮನೆ ಕೂರಲಾರದೆ ಅವರ ಜೊತೆ ಹೋಗತೊಡಗಿದೆ. ನನ್ನ ಡೈರಿಯ ಪ್ರಕಾರ ಮೂವತ್ತೇಳು ಮದುವೆ, ಹನ್ನೊಂದು ನಿಶ್ಚಿತಾರ್ಥ, ಮೂರು ಗೃಹಪ್ರವೇಶ.

ಮೊದಲ ದಿನ ನಾನು ಗೀಟು ಹಾಕುತ್ತಾ ನಿಂತಿದ್ದನ್ನು ಕಂಡು ಕೇಳಿದರು, "ಏನ್ಲಾ ಅದು ಬರ್ಕೊತಿರೋದು?"

"ಎಷ್ಟು ಲೋಟ ಹೋಯ್ತು ಅಂತ ಮಾಮ."

"ಲೋಟ ಎಣಿಸಿ ಏನ್ ಮಾಡ್ತೀಯಾ? ಎರಡ್ನೇ ಸಲ ಯಾರ್ ಬಂದ್ರು, ಅದನ್ನ ಎಣ್ಸು ಕಣೋ."

ಅವತ್ತಿನಿಂದ ನನ್ನ ಪುಟಗಳಲ್ಲಿ ಎರಡು ಕಾಲಂ.

ನಿಂಬೆಹಣ್ಣು ಕೊಯ್ಯುವಾಗ ಅವರು ಮಾತಾಡುತ್ತಿದ್ದರು. ಬೆಂಗಳೂರಿನ ದೊಡ್ಡ ಹೋಟೆಲೊಂದರ ಬಾರಿನಲ್ಲಿ ಇಪ್ಪತ್ತಾರು ವರ್ಷ ಕಾಕ್‌ಟೇಲ್ ಬೆರೆಸಿದವರು ಅವರು ಎಂದು ನನಗೆ ತಿಳಿದದ್ದು ಹಾಗೆ. ಕೊರಳಲ್ಲಿ ಲಿಂಗ, ದಿನಾ ಎರಡು ಹೊತ್ತು ಪೂಜೆ. ಅಷ್ಟು ವರ್ಷದಲ್ಲಿ ಒಂದು ಗುಟುಕೂ ನುಂಗಿದವರಲ್ಲ. ಸ್ಟ್ರಾ ಅದ್ದಿ, ಮೇಲಿನ ತುದಿಯನ್ನು ಬೆರಳಲ್ಲಿ ಮುಚ್ಚಿ, ಒಂದೇ ಹನಿಯನ್ನು ನಾಲಗೆಯ ತುದಿಗೆ ಬಿಟ್ಟುಕೊಂಡು ಉಗಿದು ಬಾಯಿ ಮುಕ್ಕಳಿಸುತ್ತಿದ್ದರಂತೆ. ಮದುವೆಯ ಜ್ಯೂಸಿನ ರುಚಿಯನ್ನೂ ಹಾಗೆಯೇ ನೋಡುತ್ತಿದ್ದರು. ಉಗಿಯುತ್ತಿರಲಿಲ್ಲ, ಅಷ್ಟೇ.

ಕಾಕ್‌ಟೇಲಿನ ಚರಿತ್ರೆಯನ್ನು ಅವರು ನೆಂಟರ ಸಮಾಚಾರದಂತೆ ಹೇಳುತ್ತಿದ್ದರು. ಮೊದಲು ಹುಟ್ಟಿದ್ದು ಪಂಚ್ ಅಂತೆ. ಸಾರಾಯಿ, ಸಕ್ಕರೆ, ನಿಂಬೆ, ನೀರು, ಮಸಾಲೆ, ಐದು ಸೇರಿದ್ದರಿಂದ ನಮ್ಮ 'ಪಂಚ'ವೇ ಆ ಹೆಸರಾಯಿತು ಎಂದು ಬಹಳ ಜನ ಹೇಳುತ್ತಾರೆ, ನಮ್ಮ ದೇಶಕ್ಕೆ ಬಂದ ಹಡಗಿನವರು ಅದನ್ನು ಊರೂರಿಗೆ ಒಯ್ದರು. ಮಲೇರಿಯಾಕ್ಕೆಂದು ಕುಡಿಯುತ್ತಿದ್ದ ಕ್ವಿನೈನಿನ ಕಹಿ ತಾಳಲಾರದೆ ಇಲ್ಲಿನ ಬ್ರಿಟಿಷರು ಅದಕ್ಕೆ ಸಕ್ಕರೆ, ಸೋಡಾ, ಜಿನ್ ಸೇರಿಸಿಕೊಂಡರು. ಇನ್ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಕಾಕ್‌ಟೇಲ್ ಎಂದರೆ ನಾಲ್ಕೇ ವಸ್ತು: ಮದ್ಯ, ಸಕ್ಕರೆ, ನೀರು, ಕಹಿ ಬೇರುಗಳ ಕಷಾಯ. ಆಮೇಲೆ ಅಲ್ಲಿ ಮದ್ಯ ನಿಷೇಧವಾದಾಗ ಕಳ್ಳಭಟ್ಟಿಯ ಕೆಟ್ಟ ರುಚಿ ಮುಚ್ಚಲು ಹಣ್ಣಿನ ರಸ ಸುರಿದರು. ಕೆಲಸ ಕಳೆದುಕೊಂಡ ಬಾರಿನವರಲ್ಲಿ ಎಷ್ಟೋ ಜನ ಊರು ಬಿಟ್ಟು ಕ್ಯೂಬಾಕ್ಕೆ, ಯೂರೋಪಿಗೆ ಹೋದರು.

"ಪಾಪ, ಕೈಲಿರೋ ಕಸುಬು ಬಿಡಕ್ಕಾಯ್ತದಾ? ಅದ್ಕೇ ಊರೇ ಬಿಟ್ರು ನೋಡು," ಅಂದಿದ್ದರು ಒಮ್ಮೆ.

ನಾನು ಎಲ್ಲವನ್ನೂ ಬರೆದುಕೊಂಡೆ. ಅವರ ಪಾನೀಯಗಳ ಅಳತೆ ಹದಿನೆಂಟು ಪುಟ, ಚರಿತ್ರೆ ಒಂಬತ್ತು ಪುಟ. ಅವರಿಗೆ ಅಚ್ಚುಮೆಚ್ಚಿನದು ತೆಂಗಿನಹಾಲು ಮತ್ತು ಅನಾನಸ್ ಸೇರಿಸಿದ್ದು. ದೂರದ ದ್ವೀಪವೊಂದರಲ್ಲಿ ಅದಕ್ಕೆ ರಮ್ ಹಾಕುತ್ತಾರೆ. ಮಾಮ ರಮ್ ಬಿಟ್ಟು ಏಲಕ್ಕಿ ಹಾಕಿದರು, ಡಬ್ಬಿಯಲ್ಲಿ ಬರುವ ತೆಂಗಿನ ಕ್ರೀಮಿನ ಬದಲು ಗುಬ್ಬಿಯ ಕಾಯಿಯ ಹಾಲು ಹಿಂಡಿದರು, ತೆಂಗಿನ ಪಾನಕ ಎಂದು ಹೆಸರಿಟ್ಟರು. ಕೌಂಟರಿನಲ್ಲಿ ಅವರದೊಂದು ನಿಯಮವಿತ್ತು. ರಮ್, ಜಿನ್ ಎಂಬ ಮಾತು ಎತ್ತಕೂಡದು. ಮದುವೆಮನೆಯ ಮರ್ಯಾದೆಗೆ ಅಂದುಕೊಂಡಿದ್ದೆ. ಬಾರಿನ ವಿಷಯವನ್ನು ಅವರು ನನಗೊಬ್ಬನಿಗೇ ಹೇಳಿದ್ದು, ಮನೆಯವರಿಗೂ 'ಹೋಟೆಲ್ ಕೆಲಸ' ಎಂದಷ್ಟೇ ಗೊತ್ತಿದ್ದುದು... ಅದು ನನಗೆ ಗೊತ್ತಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು. ನನಗಿಂತ ಎರಡು ವರ್ಷಕ್ಕೆ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ. ಕುಣಿಗಲ್ ಕಡೆಯ ಮಠದ ಭಕ್ತರ ಮನೆಗೆ ಸಂಬಂಧ ಕೂಡಿಬಂತು. ಹುಡುಗ, ಹುಡುಗಿ ಇಬ್ಬರೂ ಮೆಚ್ಚಿಕೊಂಡಿದ್ದರು. ನಿಶ್ಚಿತಾರ್ಥ ಗುಬ್ಬಿಯ ಛತ್ರದಲ್ಲಿ, ಕೌಂಟರ್ ಮಾಮನದೇ. ನನ್ನ ಕಡೆಯಿಂದ ಏನಾದರೂ ಉಡುಗೊರೆ ಇರಲಿ ಎಂದು ವಾರವಿಡೀ ಕೂತು ಆರು ಪಾನೀಯಗಳಿಗೆ ಆರು ಕಾರ್ಡು ಬರೆದೆ. ಹೆಸರು, ಹುಟ್ಟಿದ ದೇಶ, ಚರಿತ್ರೆ ಎರಡು ಸಾಲು. ಮಾಮನ ನಿಯಮ ಬಾಯಿಮಾತಿಗೆ, ಬರಹಕ್ಕಲ್ಲ ಅಂದುಕೊಂಡಿದ್ದೆ. ಮಾಮ ಬೀಗರನ್ನು ಎದುರುಗೊಳ್ಳಲು ಬಾಗಿಲಿಗೆ ಹೋದಾಗ ಅವನ್ನು ಲೋಟಗಳ ಮುಂದೆ ಸಾಲಾಗಿ ನಿಲ್ಲಿಸಿದೆ. ವಾಪಸ್ ಬಂದು ನೋಡಿ ಖುಷಿಪಡಲಿ ಎಂದು.

ನಮ್ಮ ಕಡೆಯವರು ಆಗಲೇ ಕುಡಿದಿದ್ದರು, ಬೀಗರಲ್ಲಿ ಮೊದಲು ಬಂದವರು ಗಂಡಿನ ತಾತ. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಮೂಲದಲ್ಲಿ ಇದಕ್ಕೆ ರಮ್ ಹಾಕುತ್ತಿದ್ದರು." ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಏನಪ್ಪಾ ಇದು, ಹೆಂಡ ಐತಾ ಇದ್ರಲ್ಲಿ?"

ಸುತ್ತ ಇದ್ದವರೆಲ್ಲ ಲೋಟ ಕೆಳಗಿಟ್ಟರು. ಅವರ ಕಡೆಯ ಒಬ್ಬ ಚಿಕ್ಕಪ್ಪ ಮಾತ್ರ, "ಇದ್ರೆ ಇರ್ಲಿ ಬುಡ್ರಣ್ಣ, ತಣ್ಣಗೈತೆ," ಎಂದು ಇನ್ನೊಂದು ಲೋಟಕ್ಕೆ ಕೈ ಹಾಕಿದರು. ಹೆಂಡತಿ ಕಿತ್ತುಕೊಂಡರು.

ನಾನು ಗಾಬರಿಯಾದೆ. ಗಾಬರಿಯಲ್ಲಿ ನಿಜವನ್ನೇ ಹೇಳಿದೆ. "ಇಲ್ಲ ತಾತ, ಇದ್ರಲ್ಲಿ ಏನೂ ಇಲ್ಲ. ಮಾಮ ಬೆಂಗಳೂರಲ್ಲಿ ಬಾರಲ್ಲಿದ್ರಲ್ಲ, ಅಲ್ಲಿ ಮಾತ್ರ ಹಾಕ್ತಿದ್ರು."

ಮಾಮ ಅಷ್ಟರಲ್ಲಿ ನನ್ನ ಹಿಂದೆ ಬಂದು ನಿಂತಿದ್ದರು.

ಛತ್ರದ ಉಗ್ರಾಣದಲ್ಲಿ ಮಾತುಕತೆಯಾಯಿತು. ಕಾರ್ಡು ಬರೆದವನೆಂದು ನನ್ನನ್ನೂ ಕರೆದಿದ್ದರು. ತಾತ ಕೆಟ್ಟವರಲ್ಲ. ಒಂದು ಸಲವೂ ದನಿ ಏರಿಸಲಿಲ್ಲ.

"ನೀವು ಕುಡ್ದಿಲ್ಲ ಅಂತೀರ, ನಂಬ್ತೀನಿ. ಕುಡ್ಸಿದೀರಲ್ಲ ಸ್ವಾಮಿ."

"ಹೌದು," ಅಂದರು ಮಾಮ.

"ಹೆಣ್ಣು ಚಿನ್ನದಂಥದ್ದು, ನಾವು ಬಿಡಕಿಲ್ಲ. ಆದ್ರೆ ಇವತ್ತಿಗೇ ಈ ಕಸುಬು ನಿಲ್ಸಿಬಿಡಿ. ಜ್ಯೂಸೂ ಬ್ಯಾಡ, ಲೋಟನೂ ಬ್ಯಾಡ. ಗುರುಗಳ ಮುಂದೆ ನಾವು ತಲೆ ಎತ್ತಬೇಕಲ್ವಾ?"

ಮಾಮ ತಮ್ಮ ಅಂಗೈ ನೋಡಿಕೊಂಡರು. ನಿಂಬೆ ಹಿಂಡಿ ಹಿಂಡಿ ಬೆಳ್ಳಗಾಗಿದ್ದ ಕೈ. "ಆಯ್ತು," ಅಂದರು. ಆಮೇಲೆ, "ಮಗೀಗೆ ಈ ಮಾತು ತಿಳಿಯಾದು ಬ್ಯಾಡ. ಬಾರಲ್ಲಿದ್ದೆ ಅಂತ ಗೊತ್ತಾಗ್ಲಿ. ಇದು ಬ್ಯಾಡ."

ಹೊರಗೆ ಬಂದು ನನಗೆ ಅಂದದ್ದು ಒಂದೇ ಮಾತು. "ಚೆನ್ನಾಗ್ ಬರ್ದಿದೀಯ ಕಣೋ. ಅಕ್ಷರ ದುಂಡಗವೆ. ಮೇಜು ಮಡಚು."

ಆಮೇಲೆ ಅವರು ಬದುಕಿದ್ದು ಎರಡು ವರ್ಷ ನಾಲ್ಕು ತಿಂಗಳು. ಕುಲುಕಿ ಬೆರೆಸುವ ಶೇಕರು, ಅಳತೆ ಲೋಟ ಎಲ್ಲವನ್ನೂ ತುಮಕೂರಿನ ಒಬ್ಬ ಕೇಟರಿಂಗಿನವನಿಗೆ ಕೊಟ್ಟುಬಿಟ್ಟರು. ಮಗಳ ಮದುವೆಯಲ್ಲಿ ಬೇರೆಯವರ ಕೌಂಟರ್ ಇತ್ತು. ಮಾಮ ಅತ್ತ ತಿರುಗಿಯೂ ನೋಡದೆ ಬಡಿಸುವ ಸಾಲಿನಲ್ಲಿ ಉಪ್ಪು ಹಾಕುತ್ತಿದ್ದರು. ಒಮ್ಮೆ ನಮ್ಮ ಮನೆಗೆ ಬಂದಾಗ ಅಮ್ಮ ನಿಂಬೆ ಶರಬತ್ತು ಕೊಟ್ಟರು. ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಸಕ್ಕರೆ ಕರಗಿಲ್ಲ ತಾಯಿ," ಎಂದು ನಕ್ಕರು. ಚಮಚಕ್ಕಾಗಿ ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡರು. ಆ ಕೈ...

ಭಾನುವಾರ ಅವರ ಫೋಟೋದ ಮುಂದೆ ವಿಭೂತಿ, ಹೂವು, ದೀಪ. ಬಂದವರೆಲ್ಲ ಒಳ್ಳೆಯ ಮನುಷ್ಯ, ಹೋಟೆಲಿನಲ್ಲಿದ್ದರು ಎಂದಷ್ಟೇ ಹೇಳಿ ಊಟಕ್ಕೆ ಎದ್ದರು. ಅಕ್ಕ ನನ್ನನ್ನು ಹಿತ್ತಲಿಗೆ ಕರೆದರು.

"ಅಪ್ಪ ಯಾಕೋ ಕೌಂಟರ್ ಬಿಟ್ರು? ನಂಗೆ ಕೈ ನೋವು ಅಂದಿದ್ರು. ನಿಜ ಹೇಳು."

ಹೇಳಬಾರದೆಂದೇ ಹೋಗಿದ್ದೆ. ಹೇಳಿಬಿಟ್ಟೆ. ಕಾರ್ಡುಗಳಿಂದ ಹಿಡಿದು ಉಗ್ರಾಣದವರೆಗೆ ಎಲ್ಲವನ್ನೂ. ಅವರು ಅಳಲಿಲ್ಲ. ತೊಳೆಯುವ ಕಲ್ಲಿನ ಮೇಲೆ ಕೂತರು.

"ನನ್ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?" ಅಂದರು. ಆಮೇಲೆ, "ನಿಂಗೊತ್ತಾ, ಅಪ್ಪ ಮಾಡಿದ್ದನ್ನ ನಾನು ಒಂದು ಲೋಟನೂ ಕುಡ್ದಿಲ್ಲ ಕಣೋ. ಮನೇಲಿ ಮಾಡ್ತಾನೇ ಇರ್ಲಿಲ್ಲ. ಅವತ್ತು ಶಾಸ್ತ್ರ ಮುಗಿದ್ಮೇಲೆ ಕುಡಿಯಣ ಅಂದ್ಕೊಂಡಿದ್ದೆ. ಎದ್ದು ಬರೋವಷ್ಟ್ರಲ್ಲಿ ಮೇಜೇ ಇರ್ಲಿಲ್ಲ."

ಅದಕ್ಕೆ ನನ್ನ ಬಳಿ ಉತ್ತರವಿತ್ತು. ಕೊಡಲಾಗಲಿಲ್ಲ. ಅವತ್ತು ಬೆಳಗ್ಗೆ ಮಾಮ ಎಲ್ಲರಿಗಿಂತ ಮೊದಲು ಮಾಡಿದ್ದು ಒಂದೇ ಒಂದು ಲೋಟ ತೆಂಗಿನ ಪಾನಕ. ತಟ್ಟೆ ಮುಚ್ಚಿ ಐಸಿನ ಡಬ್ಬಿಯೊಳಗೆ ಇಟ್ಟು, "ಇದು ಮಗೀಗೆ, ನಾನೇ ಕೊಡ್ತೀನಿ, ಮುಟ್ಬ್ಯಾಡ," ಅಂದಿದ್ದರು. ಮೇಜು ಮಡಚುವಾಗ ಆ ಡಬ್ಬಿಯನ್ನೂ ಖಾಲಿ ಮಾಡಿದೆ. ಉಳಿದ ಲೋಟಗಳ ಜೊತೆ ಅದನ್ನೂ ಮೋರಿಗೆ ಸುರಿದೆ. ಆ ದಿನದ ಪುಟದಲ್ಲಿ ಹೀಗಿದೆ: ಹೋದದ್ದು ನಲವತ್ತೊಂದು, ಸುರಿದದ್ದು ಇಪ್ಪತ್ತಮೂರು.

ಇಪ್ಪತ್ತಮೂರರಲ್ಲಿ ಒಂದು ಅಕ್ಕನದು. ಅದನ್ನು ಬೇರೆಯಾಗಿ ಬರೆದಿರಲಿಲ್ಲ. ಈಗ ಬರೆದಿದ್ದೇನೆ.