ಜಠರರಾಜನ ಕಿರೀಟ

ನಿನ್ನೆ ಸೀಮೆಸುಣ್ಣದ ಡಬ್ಬಿಗಾಗಿ ಶಾಲೆಯ ಕಪಾಟಿನ ಮೇಲೆ ಕೈಯಾಡಿಸುತ್ತಿದ್ದಾಗ ತಲೆಯ ಮೇಲೊಂದು ರಟ್ಟಿನ ಕಿರೀಟ ಬಿತ್ತು. ಹಳೆಯ ಗೋಂದಿನ ವಾಸನೆ, ಉದುರುವ ಚಮಕಿ ಕಾಗದ. ಹೇಳಲು ನಾಚಿಕೆ, ಆದರೂ ನಿಮ್ಮ ಮುಂದೆ ಮುಚ್ಚುಮರೆ ಯಾಕೆ? ಅದು ನನ್ನದೇ. ಏಳೆಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾನು ಜಠರರಾಜನಾಗಿ ಮೆರೆದಿದ್ದೆ.

ಆಗಷ್ಟೇ ಸವದತ್ತಿಯಲ್ಲಿ ತರಬೇತಿ ಮುಗಿಸಿ ಬಂದಿದ್ದೆ. ಹಾಡು, ನಾಟಕ, ಚಿತ್ರಗಳ ಮೂಲಕ ಪಾಠ ಮಾಡಿ ಎಂದಿದ್ದರು. ಯರಗಟ್ಟಿ ಹತ್ತಿರದ ನಮ್ಮ ಶಾಲೆಯಲ್ಲಿ ಏಳನೆಯ ತರಗತಿಗೆ ಜೀರ್ಣಕ್ರಿಯೆಯ ಪಾಠ ನಡೆದಿತ್ತು. ಅದನ್ನೇ ದೊಡ್ಡಾಟದ ಧಾಟಿಯಲ್ಲಿ ಆಡಿಸಲು ಹೊರಟೆ. ಹಲ್ಲುಗಳು ಸೈನಿಕರು, ಯಕೃತ್ತು ಮಂತ್ರಿ, ಜಠರವೇ ರಾಜ. ರಾಜನ ಪಾತ್ರ ಮಕ್ಕಳಿಗೇ ಸಲ್ಲಬೇಕಿತ್ತು. ಆದರೆ ರಾಮದುರ್ಗದಲ್ಲಿ ಕಲಿಯುವಾಗ ನಾನು ಶಾಲೆಯ ಪ್ರತಿ ವಾರ್ಷಿಕ ಗ್ಯಾದರಿಂಗಿನ ನಾಟಕದಲ್ಲೂ ದ್ವಾರಪಾಲಕಿಯಾಗಿ ಕೋಲು ಹಿಡಿದು ಬಾಯಿ ಮುಚ್ಚಿಕೊಂಡು ನಿಂತವಳು. ರಂಗದ ಮೇಲೆ ಮಾತಾಡುವ ಆಸೆ ತೀರಿರಲಿಲ್ಲ. ಉದ್ದುದ್ದ ಮಾತುಗಳನ್ನೆಲ್ಲ ನನಗೇ ಬರೆದುಕೊಂಡು, ಮನೆಯಲ್ಲಿ ರೊಟ್ಟಿ ಬಡಿಯುತ್ತ ವಾರವಿಡೀ "ಎಲೈ ರೊಟ್ಟಿಯೇ!" ಎಂದು ಅಭ್ಯಾಸ ಮಾಡಿದೆ.

"ರೊಟ್ಟಿಗಿ ಯಾಕ ಬೈತೀ? ಹೊತ್ತಾಕತ್ತೈತಿ ನೋಡು" ಎಂದರು ಅತ್ತೆ.

ಮಲ್ಲವ್ವ ಎಂಬ ಹುಡುಗಿಗೆ ಸಣ್ಣ ಕರುಳಿನ ಪಾತ್ರ ಕೊಟ್ಟಿದ್ದೆ. ತರಗತಿಯಲ್ಲಿ ವರ್ಷವಿಡೀ ತುಟಿ ಬಿಚ್ಚದವಳು. ಇವಳ ತಲೆಗೆ ಏನೂ ಹತ್ತುವುದಿಲ್ಲ ಎಂದು ನಾನೇ ತೀರ್ಮಾನಿಸಿ, ಪ್ರಗತಿ ಪತ್ರದಲ್ಲಿ ಹಾಗೇ ಬರೆದೂ ಆಗಿತ್ತು. ಅವಳಿಗೆ ಹಳೆಯ ಸೀರೆಯೊಂದನ್ನು ಸುತ್ತಿ, "ನೀ ಸುಮ್ನ ಮಲಗು ಅಷ್ಟ, ಮಾತಿಲ್ಲ" ಎಂದೆ.

ಆಟಕ್ಕೆ ಹೆಡ್‌ಮಾಸ್ತರು, ತಾಯಂದಿರು, ಬಿಸಿಯೂಟದ ಅಡುಗೆಯವರು ಎಲ್ಲ ಬಂದು ಕೂತರು. ಕಾಡಿಗೆಯ ಮೀಸೆ ತಿರುವಲು ಹೋಗಿ ಕೆನ್ನೆಗೆಲ್ಲ ಬಳಿದುಕೊಂಡು, "ಎಲೈ ರೊಟ್ಟಿಯೇ!" ಎಂದು ಗರ್ಜಿಸಿದೆ. ಮುಂದಿನ ಮಾತು ಮರೆತೇಹೋಯಿತು. ಮತ್ತೊಮ್ಮೆ ಗರ್ಜಿಸಿದೆ. ಮೂರನೆಯ ಸಲಕ್ಕೆ ರೊಟ್ಟಿಯಾಗಿದ್ದ ಹುಡುಗ ಹೆದರಿ ಹಿಂದೆ ಸರಿದ. ಆಗ ನನ್ನ ಕಾಲ ಬುಡದಿಂದ ಮೆಲುದನಿಯೊಂದು ಕೇಳಿತು.

"ಅಕ್ಕೋರ, 'ನನ್ನ ಆಮ್ಲದಾಗ ನಿನ್ನ ನಾದಿಬಿಡತೇನಿ' ಅನ್ರಿ."

ಮಲ್ಲವ್ವ! ಕೊನೆಯವರೆಗೂ ಅವಳು ಸೀರೆಯೊಳಗಿಂದ ಹೇಳಿಕೊಟ್ಟಳು, ನಾನು ಗಿಳಿಯಂತೆ ಒಪ್ಪಿಸಿದೆ. ಚಪ್ಪಾಳೆ ಬಿದ್ದದ್ದು ಮಾತ್ರ ನನಗೆ.

ಆಮೇಲೆ ಸೀರೆ ಮಡಚುತ್ತ ಅವಳು ಕೇಳಿದಳು: "ಸಿಟ್ಟಾಗಬ್ಯಾಡ್ರಿ ಅಕ್ಕೋರ. ಉಂಡದ್ದರ ಸತ್ವೆಲ್ಲಾ ರಕ್ತಕ್ಕ ಮುಟ್ಟಿಸೂದು ಸಣ್ಣ ಕರುಳು ಅಲ್ಲೇನ್ರಿ? ಮತ್ತ ಮಾತೆಲ್ಲಾ ಹೊಟ್ಟಿಗೇ ಯಾಕ್ರಿ?"

ಕಿರೀಟ ಹೊತ್ತುಕೊಂಡೇ ನಿಂತಿದ್ದೆ. ಇಡೀ ಪಾಠ ಅವಳಿಗೆ ಬರುತ್ತಿತ್ತು, ನಾನು ಒಮ್ಮೆಯೂ ಕೇಳಿರಲಿಲ್ಲ. ಅವಳು ಮನೆಗೆ ಹೋದ ಮೇಲೆ ಪ್ರಗತಿ ಪತ್ರ ತೆಗೆದು, ಬರೆದದ್ದನ್ನು ಹೊಡೆದುಹಾಕಿದೆ. ಅಳು ಬಂತು. ಕಾಡಿಗೆ ಮತ್ತಷ್ಟು ಇಳಿಯಿತು.

ಈಗ ಮತ್ತೆ ಅದೇ ಪಾಠ ಬಂದಿದೆ. ಇವತ್ತು ಕಿರೀಟದ ಧೂಳು ಒರೆಸಿ ಮಕ್ಕಳ ಕೈಗೆ ಕೊಟ್ಟು, "ಮೊದಲ ಸಣ್ಣ ಕರುಳಿನ ಮಾತು ಬರೀರಿ" ಎಂದೆ.

"ನಿಮ್ದು ಯಾವ ಪಾತ್ರರೀ ಅಕ್ಕೋರ?"

"ಗಂಟಲದ ಬಾಗಲಾ ಕಾಯೂದು."

"ಅದಕ್ಕ ಮಾತದಾವೇನ್ರಿ?"

"ಒಂದೂ ಇಲ್ಲ" ಎಂದು, ಕೋಲೊಂದು ಸಿಗಬಹುದೇನೋ ಎಂದು ಕಪಾಟಿನ ಮೇಲೆ ಕೈಯಾಡಿಸಿದೆ.