ಹವಾಲ್ದಾರ್ ಕಲ್ಲೇಶಣ್ಣನ ಯುದ್ಧ ಕಾನೂನು

ಬಾಣಾವರದಲ್ಲಿ ಎರಡು ನಾಯಿಗಳು ಜಗಳಕ್ಕೆ ನಿಂತರೂ ಹವಾಲ್ದಾರ್ ಕಲ್ಲೇಶಣ್ಣನ ಸೀಟಿ ಕೇಳುತ್ತಿತ್ತು. ಆ ಸೀಟಿಗೆ ಅರಸೀಕೆರೆಯ ರೈಲೇ ನಿಂತುಬಿಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರೈಲು ಹೇಗಿದ್ದರೂ ಅಲ್ಲಿ ನಿಲ್ಲಬೇಕಿತ್ತು ಎಂಬುದು ಬೇರೆ ಮಾತು. ಮಿಲಿಟರಿಯಿಂದ ನಿವೃತ್ತರಾಗಿ ನಮ್ಮ ಪಕ್ಕದ ಮನೆಯಲ್ಲಿದ್ದ ಅವರು ಜಗಳ ಬಿಡಿಸುತ್ತಿರಲಿಲ್ಲ, ನಿಯಮ ಹೇಳಿ ನಡೆಸಿಕೊಡುತ್ತಿದ್ದರು. ಬಿದ್ದವನನ್ನು ಹೊಡೆಯಬಾರದು. ಕೈ ಎತ್ತಿದವನನ್ನು ಮುಟ್ಟಬಾರದು. ನೀರು ತಂದವರ ತಂಟೆಗೆ ಹೋಗಬಾರದು.

ನಮ್ಮ ದೊಡ್ಡಮ್ಮ ಒಮ್ಮೆ ದೊಡ್ಡಪ್ಪನನ್ನು ಪೊರಕೆ ಹಿಡಿದು ಬೀದಿಗೆ ಅಟ್ಟಿದಾಗ ಕಲ್ಲೇಶಣ್ಣ ಕುರ್ಚಿ ಹಾಕಿಕೊಂಡು ಕೂತರು.

"ಪೊರಕೆ ಓಕೆ ಕಣಕ್ಕ. ಕಾದ ಸೌಟು ನಿಷೇಧ. ನೋಡು, ಕೈ ಎತ್ತವ್ನೆ. ಈಗ ಅವ್ನು ಯುದ್ಧಕೈದಿ. ಊಟ ಹಾಕ್ಬೇಕು."

"ನೀನೇ ಹಾಕಪ್ಪ. ನಿಮ್ಮನೇಲೇ ಮಡಿಕ್ಕೊ," ಎಂದಳು ದೊಡ್ಡಮ್ಮ.

ಯುದ್ಧಕೈದಿ ಅವತ್ತು ಅವರ ಮನೆಯಲ್ಲಿ ನುಂಗಿದ ಮುದ್ದೆ ನೋಡಿದ್ದರೆ ಬೇಲೂರಿನ ಗೋಪುರ ನಾಚಿಕೊಳ್ಳುತ್ತಿತ್ತು.

ಅವರು ನಗದೆ ಹೇಳುತ್ತಿದ್ದ ಕಥೆ ಒಂದೇ. ಶಾಂತಿಪಡೆಯ ಜೊತೆ ಆಫ್ರಿಕಾದ ಒಂದು ದೇಶಕ್ಕೆ ಹೋಗಿದ್ದರು. ಯಾವ ದೇಶ ಎಂದು ಕೇಳಿದರೆ, "ಹೆಸ್ರು ಬ್ಯಾಡ. ಆಮೇಲೆ ನೀವು ಆ ಜನಾನೇ ಹಂಗೆ ಅಂತೀರ. ಒಳ್ಳೇ ಜನ," ಎನ್ನುತ್ತಿದ್ದರು.

"ಮೊದ್ಲು ರೇಡಿಯೋದಾಗೆ ಒಂದು ಪಂಗಡದೋರ್ನ ಮನುಷ್ಯರಲ್ಲ, ಹುಳ ಅಂದ್ರು ಕಣ್ಲಾ. ಆಮೇಲೆ ಮಚ್ಚು ಎತ್ಕಂಡ್ರು. ಹುಳ ಅನ್ನಿಸ್ಕಂಡೋರು ನಮ್ಮ ಕ್ಯಾಂಪಿನ ಗೇಟಿಗೆ ಓಡ್ಬಂದ್ರು. ಗೇಟ್ ತಗ್ಯಾಕೆ ಆರ್ಡರ್ ಬೇಕಲ್ಲ, ಕಾದೆ. ಆರ್ಡರ್ ಬಂತು. ಅಷ್ಟೊತ್ತಿಗೆ ಜಾಲರೀಗೆ ಬೆರಳು ಮಾತ್ರ ಸಿಕ್ಕಂಡಿದ್ವು."

ಹೋದ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆಂಬ ವೀಡಿಯೋ ಎಲ್ಲರ ಮೊಬೈಲಿಗೂ ಬಂತು. ಅವತ್ತೇ ಕಂಬಳಿ ಮಾರುವ ಇಬ್ಬರು ಹಿಂದಿಯವರು ರೈಲಿಳಿದರು. ಒಬ್ಬ ಅಳುತ್ತಿದ್ದ ಮಗುವಿಗೆ ಬಿಸ್ಕತ್ತು ಕೊಟ್ಟ, ಅಷ್ಟೇ. ಸ್ಟೇಷನ್ ಎದುರೇ ಅವನ ಬಾಯಿ ಒಡೆದು ಹಲ್ಲು ಬಿಸ್ಕತ್ತಿನ ಮೇಲೆ ಬಿತ್ತು. ಇಬ್ಬರೂ ಓಡಿ ಮಂಜಣ್ಣನ ಕೊಬ್ಬರಿ ಗೋದಾಮಿಗೆ ನುಗ್ಗಿದರು. ಹಿಂದೆ ಇಡೀ ಊರು. ಹೆಂಡತಿ ಕೆಮ್ಮಿದರೆ ಬೆಚ್ಚುವ ನಮ್ಮ ದೊಡ್ಡಪ್ಪನ ಕೈಯಲ್ಲೂ ದೊಣ್ಣೆ. ನಾನು ಮೊಬೈಲ್ ಹಿಡಿದು ಒಳ್ಳೆಯ ಆ್ಯಂಗಲ್ ಸಿಗಲೆಂದು ಎದುರಿನ ಕಟ್ಟೆ ಹತ್ತಿದೆ.

ಗೋದಾಮಿನ ಬಾಗಿಲಿಗೆ ಬೆನ್ನು ಕೊಟ್ಟು ಕಲ್ಲೇಶಣ್ಣ ನಿಂತಿದ್ದರು.

"ಪಕ್ಕಕ್ಕೆ ಸರಿಯೋ ಹವಾಲ್ದಾರ. ಈ ತಿಗಣೆಗಳ್ನ ಸುಟ್ಟಾಕ್ತೀವಿ," ಎಂದ ಮಂಜಣ್ಣ. ಸುಟ್ಟರೆ ಹೋಗುವುದು ತನ್ನದೇ ಕೊಬ್ಬರಿ ಎಂಬುದೂ ಅವನಿಗೆ ಮರೆತಿತ್ತು. ಗೋಡೆಯ ಪಕ್ಕದ ತೆಂಗಿನ ಸಿಪ್ಪೆಗೆ ಯಾರೋ ಆಗಲೇ ಬೆಂಕಿ ಇಟ್ಟಿದ್ದರು.

"ತಿಗಣೆ ಅಲ್ಲ, ಮನುಷ್ಯರು. ಕೈ ಎತ್ತವ್ರೆ. ಮುಟ್ಟಂಗಿಲ್ಲ, ಕಾನೂನೈತೆ."

"ಅದು ಯುದ್ಧದ ಕಾನೂನು ಕಣಯ್ಯ."

"ಯುದ್ಧಕ್ಕೇ ಐತೆ ಅಂದ್ಮೇಲೆ ಬಾಣಾವರಕ್ಕಿಲ್ವೇನ್ಲಾ? ಹೊಡಿಯೋನು ಮುಂದಕ್ಕೆ ಬಾ. ನಿನ್ನ ಹೆಸ್ರು, ನಿಮ್ಮಪ್ಪನ ಹೆಸ್ರು ಜೋರಾಗಿ ಹೇಳ್ಬುಟ್ಟು ಹೊಡಿ."

ಎಲ್ಲರಿಗೂ ಹೆಸರಿತ್ತು. ಕೆಲವರ ಅಪ್ಪಂದಿರಂತೂ ಪಕ್ಕದಲ್ಲೇ ದೊಣ್ಣೆ ಹಿಡಿದು ನಿಂತಿದ್ದರು. ಹೆಸರಿಲ್ಲದ ಒಂದು ಹಾರೆ ಮಾತ್ರ ಗುಂಪಿನೊಳಗಿಂದ ತೂರಿ ಬಂತು. ಕಲ್ಲೇಶಣ್ಣನ ಹಣೆ ಕೆತ್ತಿದ ಎಳನೀರಿನಂತೆ ತೆರೆದುಕೊಂಡಿತು. ಕುಸಿದವರು ಬಾಗಿಲಿಗೇ ಅಡ್ಡ ಬಿದ್ದರು.

"ಈಗ ನಾನು ಬಿದ್ದೋನು," ಎಂದರು ಬಾಯಿಗಿಳಿದ ರಕ್ತ ಉಗುಳುತ್ತಾ. "ತುಳ್ಕಂಡು ದಾಟೋನು ಯಾರು?"

ಯಾರೂ ದಾಟಲಿಲ್ಲ. ದೊಡ್ಡಮ್ಮ ಕೊಡ ತಂದು ಬೆಂಕಿಗೆ ಸುರಿದಳು. ಅವಳನ್ನು ತಡೆಯುವ ಗಂಡಸು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಅಷ್ಟರಲ್ಲಿ ಪೊಲೀಸ್ ಜೀಪು ಬಂತು.

ಸಂಜೆ ಅರಸೀಕೆರೆ ಆಸ್ಪತ್ರೆಯಲ್ಲಿ ಅವರು ಬ್ಯಾಂಡೇಜಿನ ಹೊರಗುಳಿದ ಒಂದು ಕಣ್ಣಿನಲ್ಲೇ ನನ್ನನ್ನು ಗುರುತು ಹಿಡಿದರು.

"ಅವ್ರಿಬ್ರು?"

"ಪೊಲೀಸ್ನೋರು ಹೋಟ್ಲಿಗೆ ಕರ್ಕಂಡೋದ್ರು ಕಲ್ಲೇಶಣ್ಣ. ಒಬ್ಬೊಬ್ನೂ ಒಂದೊಂದು ಹಂಡೆ ಇಡ್ಲಿ ಬಾರಿಸಿ, ಸಾಂಬಾರ್ ಬಕೀಟಿಗೇ..."

"ಕಥೆ ಬ್ಯಾಡ ಕಣ್ಲಾ. ಏನಾದ್ರು ಅಂತ ಅಷ್ಟೇ ಹೇಳು."

"ಬದುಕವ್ರೆ."

ಅವರು ಕಣ್ಣು ಮುಚ್ಚಿದರು. "ಇನ್ನೊಂದ್ಸಲ ಹೇಳು."

ಹೇಳಿದೆ.

ಬೆಳಿಗ್ಗೆ ನಾನು ಕಾಫಿ ಫ್ಲಾಸ್ಕು ಹಿಡಿದು ಹೋದಾಗ ಆ ಮಂಚಕ್ಕೆ ಹೊಸ ಬೆಡ್‌ಶೀಟು ಹಾಸುತ್ತಿದ್ದರು.